ಗೆದ್ದ ಹುಡುಗಿಯ ರಕ್ತದಲ್ಲಿ ಏನಿದೆ?

ಎರಡು ವರ್ಷದ ಹಿಂದೆ ನಮ್ಮ ಮಧುಗಿರಿಯಲ್ಲಿ ಒಂದು ಶಾಲಾ ಕ್ರೀಡಾಕೂಟ. ಹೈಸ್ಕೂಲ್ ಹುಡುಗಿಯರ 800 ಮೀಟರ್ ಓಟ. ಸುಣ್ಣದ ಪುಡಿಯಲ್ಲಿ ಎಳೆದ ಟ್ರ್ಯಾಕು, ಹಿಂದುಗಡೆ ಏಕಶಿಲಾ ಬೆಟ್ಟ, ಶಾಮಿಯಾನದ ಕೆಳಗೆ ಮೇಜು ಹಾಕಿಕೊಂಡು ಕೂತ ಪಿ.ಟಿ. ಮೇಷ್ಟ್ರುಗಳು. ನಾನು ಕಾಲೇಜಿನಲ್ಲಿ 800 ಮೀಟರ್ ಓಡಿದವಳು. ಈಗ ಬೆಳಗ್ಗೆ ಐದೂವರೆಗೆ ಊರಿನ ಏಳೆಂಟು ಹುಡುಗಿಯರನ್ನು ಓಡಿಸುತ್ತೇನೆ. ಅವರಲ್ಲಿ ಒಬ್ಬಳು ಅವತ್ತು ಕೊನೆಯ ಸುತ್ತಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ಎರಡನೆಯವಳಿಗೂ ಅವಳಿಗೂ ಮೂವತ್ತು ಮೀಟರ್ ಅಂತರ ಇತ್ತು.

ಅವಳು ಇನ್ನೂ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. ಬೇರೆ ಶಾಲೆಯ ಕಡೆಯವರೊಬ್ಬರು ಮೇಜಿನ ಹತ್ತಿರ ಹೋದರು. “ಸಾರ್, ಅದು ಹುಡುಗಿನಾ ಅಂತ ಸ್ವಲ್ಪ ನೋಡಿ. ಮೀಸೆ ಬಂದಿದೆ” ಅಂದರು. ಮೆಲ್ಲಗೆ ಅನ್ನಲಿಲ್ಲ.

ಅವಳಿಗೆ ಆಗ 15 ವರ್ಷ. ಮಾತು ಕಿವಿಗೆ ಬಿತ್ತು. ಕೊರಳಲ್ಲಿದ್ದ ಟವೆಲ್ ಎಳೆದು ಬಾಯಿ ಮುಚ್ಚಿಕೊಂಡಳು. ಮೆಡಲ್ ಹಾಕುವಾಗಲೂ ಟವೆಲ್ ತೆಗೆಯಲಿಲ್ಲ. ಮೇಷ್ಟ್ರುಗಳು ಆ ಮನುಷ್ಯನನ್ನು ಗದರಿಸಿ ಕಳಿಸಿದರು, ಅದು ನಿಜ. ಆದರೆ ಮಾರನೆಯ ದಿನ ಅವಳು ಮೈದಾನಕ್ಕೆ ಬರಲಿಲ್ಲ. ಅವಳಮ್ಮ ಫೋನ್ ಮಾಡಿ, “ಅಕ್ಕಾ, ಇನ್ ಮೇಲೆ ಓಡಲ್ಲ ಅಂತವ್ಳೆ. ಜನ ಹಿಂಗೆಲ್ಲಾ ಅಂದ್ರೆ ನಾಳೆ ಮದುವೆ ಗಿದುವೆ ಹೆಂಗಕ್ಕಾ?” ಅಂತ ಅತ್ತರು.

ಮಧುಗಿರಿಯ ಮೈದಾನದಲ್ಲಿ ಕೇಳಿದ ಆ ಪ್ರಶ್ನೆಯನ್ನೇ ಜಗತ್ತಿನ ದೊಡ್ಡ ದೊಡ್ಡ ಕ್ರೀಡಾ ಸಂಸ್ಥೆಗಳು ಅರವತ್ತು ವರ್ಷದಿಂದ ಕೇಳುತ್ತಿವೆ. ಒಮ್ಮೆ ಕಣ್ಣಲ್ಲಿ ನೋಡಿ ಕೇಳಿದವು. ಆಮೇಲೆ ಕ್ರೋಮೋಸೋಮ್ ನೋಡಿ, ಆಮೇಲೆ ಹಾರ್ಮೋನು ಅಳೆದು ಕೇಳಿದವು. 2025ರಿಂದ ಒಂದು ಜೀನ್ ನೋಡಿ ಕೇಳುತ್ತಿವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಂಗಸರಿಗೆ ಬೇರೆ ಸ್ಪರ್ಧೆ ಬೇಕೇ ಬೇಕು, ಅದಕ್ಕೊಂದು ಬೇಲಿಯೂ ಬೇಕು. ಆದರೆ ಆ ಬೇಲಿಯನ್ನು ಹಾಕುತ್ತಿರುವ ರೀತಿಯಲ್ಲಿ ಮುಳ್ಳೆಲ್ಲ ಬಡವರ ಮನೆ ಹುಡುಗಿಯರ ಕಡೆಗೇ ತಿರುಗಿದೆ.

ಮೊದಲು ಬೇಲಿ ಯಾಕೆ ಬೇಕು ಅಂತ ನೋಡೋಣ. ಟೆಸ್ಟೋಸ್ಟೆರಾನ್ ಅಂದರೆ ಗಂಡಸರ ಹಾರ್ಮೋನು ಅಂತ ಸುಮ್ನೆ ಹೇಳಿಬಿಡುತ್ತೇವೆ. ಅದು ಹೆಂಗಸರ ಮೈಯಲ್ಲೂ ಇರುತ್ತದೆ. ಅಂಡಾಶಯದಲ್ಲೂ, ಕಿಡ್ನಿಯ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲೂ ತಯಾರಾಗುತ್ತದೆ. ವ್ಯತ್ಯಾಸ ಇರುವುದು ಅಳತೆಯಲ್ಲಿ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮುಂದಿಡುವ ಲೆಕ್ಕದ ಪ್ರಕಾರ ಒಂದು ಲೀಟರ್ ರಕ್ತದಲ್ಲಿ ಹೆಂಗಸರಿಗೆ 0.12ರಿಂದ 1.79 ನ್ಯಾನೋಮೋಲ್ (ಹಾರ್ಮೋನು ಅಳೆಯುವ ಬಲು ಸಣ್ಣ ಅಳತೆ), ಗಂಡಸರಿಗೆ 7.7ರಿಂದ 29.4. ಎತ್ತರದ ವಿಷಯದಲ್ಲಾದರೆ ಕೆಲವು ಹೆಂಗಸರು ಎಷ್ಟೋ ಗಂಡಸರಿಗಿಂತ ಉದ್ದ ಇರುತ್ತಾರೆ. ಇಲ್ಲಿ ಹಾಗೆ ಒಂದರ ಮೇಲೊಂದು ಬರುವುದಿಲ್ಲ. ಎರಡರ ನಡುವೆ ದೊಡ್ಡ ಬಯಲೇ ಇದೆ.

ಪ್ರೈಮರಿ ಶಾಲೆಯ ಮೈದಾನದಲ್ಲಿ ನಿಂತು ನೋಡಿ. ಹತ್ತು ವರ್ಷದ ಹುಡುಗ ಹುಡುಗಿಯರು ಒಟ್ಟಿಗೆ ಓಡಿದರೆ ಯಾರು ಬೇಕಾದರೂ ಗೆಲ್ಲಬಹುದು. ಹನ್ನೆರಡು ಹದಿಮೂರು ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಹುಡುಗನ ಮೈಯಲ್ಲಿ ಟೆಸ್ಟೋಸ್ಟೆರಾನ್ ಏರುತ್ತದೆ, ಮಾಂಸಖಂಡ ಬಲಿಯುತ್ತದೆ, ಮೂಳೆ ಉದ್ದ ಆಗುತ್ತದೆ, ಗಟ್ಟಿ ಆಗುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಹೆಂಗಸರಿಗಿಂತ ಸುಮಾರು ಶೇ 12ರಷ್ಟು ಜಾಸ್ತಿ ಆಗುತ್ತದೆ. ಫಲ ದಾಖಲೆಗಳಲ್ಲಿ ಕಾಣುತ್ತದೆ. ಗಂಡಸರ 800 ಮೀಟರ್ ವಿಶ್ವದಾಖಲೆ ಡೇವಿಡ್ ರುಡಿಶಾ 2012ರಲ್ಲಿ ಓಡಿದ 1 ನಿಮಿಷ 40.91 ಸೆಕೆಂಡ್. ಹೆಂಗಸರದ್ದು 1983ರ 1 ನಿಮಿಷ 53.28 ಸೆಕೆಂಡ್. ಹನ್ನೆರಡು ಸೆಕೆಂಡಿಗೂ ಜಾಸ್ತಿ ಅಂತರ. ಆ ಹೊತ್ತಿನಲ್ಲಿ ಮುಂದಿರುವವನು ನೂರು ಮೀಟರ್ ಹತ್ತಿರ ಓಡಿಬಿಡುತ್ತಾನೆ. ನಾನು ಎರಡು ಹೊತ್ತು ಪ್ರಾಕ್ಟೀಸ್ ಮಾಡುತ್ತಿದ್ದ ಕಾಲದಲ್ಲೂ ನಮ್ಮ ಕಾಲೇಜಿನ ಸುಮಾರಾದ ಹುಡುಗರನ್ನು ಹಿಂದೆ ಹಾಕಲು ಆಗುತ್ತಿರಲಿಲ್ಲ. ಒಂದೇ ಸ್ಪರ್ಧೆ ಇದ್ದಿದ್ದರೆ ನಾನು ಸ್ಟಾರ್ಟಿಂಗ್ ಗೆರೆಗೇ ಬರುತ್ತಿರಲಿಲ್ಲ.

ಹಾರ್ಮೋನಿನಿಂದಲೇ ಇಷ್ಟೆಲ್ಲಾ ಆಗುತ್ತದಾ ಅಂದರೆ, ಬಹಳ ಮಟ್ಟಿಗೆ ಹೌದು. 2019ರಲ್ಲಿ ಪ್ರಕಟವಾದ ಸ್ವೀಡನ್‌ನ ಒಂದು ಅಧ್ಯಯನದಲ್ಲಿ 48 ಆರೋಗ್ಯವಂತ ಹೆಂಗಸರಿದ್ದರು. ಅರ್ಧ ಜನರಿಗೆ ಟೆಸ್ಟೋಸ್ಟೆರಾನ್ ಕ್ರೀಮ್, ಉಳಿದವರಿಗೆ ಬರೀ ಕ್ರೀಮ್. ಹತ್ತು ವಾರ ಕಳೆದ ಮೇಲೆ ಹಾರ್ಮೋನು ಹಚ್ಚಿಕೊಂಡವರು ಟ್ರೆಡ್‌ಮಿಲ್ ಮೇಲೆ ಸುಸ್ತಾಗಿ ನಿಲ್ಲುವ ತನಕ ಓಡಿದ ಸಮಯ ಶೇ 8.5ರಷ್ಟು ಏರಿತ್ತು. ಹಾಗಾಗಿ “ಹಾರ್ಮೋನು ಲೆಕ್ಕಕ್ಕೇ ಬರಲ್ಲ” ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಪ್ರಕೃತಿ ಎಲ್ಲರನ್ನೂ ಎರಡೇ ಅಚ್ಚಿನಲ್ಲಿ ಎರಕ ಹೊಯ್ಯುವುದಿಲ್ಲ. ತೊಡಕು ಶುರುವಾಗುವುದೇ ಅಲ್ಲಿ.

ಸಾಮಾನ್ಯವಾಗಿ ಹೆಣ್ಣಿಗೆ ಎಕ್ಸ್ ಎಕ್ಸ್, ಗಂಡಿಗೆ ಎಕ್ಸ್ ವೈ ಕ್ರೋಮೋಸೋಮ್ ಅಂತ ಹೈಸ್ಕೂಲಿನಲ್ಲಿ ಓದಿದ್ದೇವೆ. ವೈ ಮೇಲೆ ಎಸ್‌ಆರ್‌ವೈ ಅನ್ನುವ ಒಂದು ಜೀನ್ ಇದೆ. ಗರ್ಭದಲ್ಲಿ ವೃಷಣ ಬೆಳೆಯಲಿ ಅಂತ ಹೇಳುವುದು ಅದೇ. ಕೆಲವು ಮಕ್ಕಳಲ್ಲಿ ಎಕ್ಸ್ ವೈ ಇರುತ್ತದೆ, ವೃಷಣ ಹೊಟ್ಟೆಯ ಒಳಗೇ ಉಳಿದಿರುತ್ತದೆ, ಹೊರಗಿನಿಂದ ನೋಡಿದರೆ ಹೆಣ್ಣುಮಗು. ಸೂಲಗಿತ್ತಿಯೋ ನರ್ಸೋ “ಹೆಣ್ಣುಮಗು” ಅಂತಾರೆ. ಮನೆಯವರು ಹೆಣ್ಣಾಗಿ ಸಾಕುತ್ತಾರೆ. ಅವಳೂ ಹೆಣ್ಣಾಗಿಯೇ ಬೆಳೆಯುತ್ತಾಳೆ. ಮೈನೆರೆಯುವ ವಯಸ್ಸಿಗೆ ಮುಟ್ಟು ಬರದಿದ್ದಾಗ ಮಾತ್ರ ಅನುಮಾನ. ಬಡವರ ಮನೆಯಲ್ಲಿ “ಲೇಟಾಗಿ ಆಗುತ್ತೆ ಬಿಡು” ಅಂತ ಅದೂ ಮುಂದಕ್ಕೆ ಹೋಗುತ್ತದೆ.

ಇಂಥವರಲ್ಲೂ ಎಲ್ಲರ ಕಥೆ ಒಂದೇ ಅಲ್ಲ. ಇದನ್ನು ನನ್ನ ಹುಡುಗಿಯರಿಗೆ ತೋಟದ ನೀರಿನ ಲೆಕ್ಕದಲ್ಲಿ ಹೇಳುತ್ತೇನೆ. ಬೋರ್‌ವೆಲ್‌ನಲ್ಲಿ ಎರಡು ಇಂಚು ನೀರು ಬರುತ್ತಿರಬಹುದು. ಗೇಟ್ ವಾಲ್ವ್ ಪೂರ್ತಿ ಮುಚ್ಚಿದ್ದರೆ ಅಡಿಕೆ ಬುಡಕ್ಕೆ ಒಂದು ತೊಟ್ಟೂ ಬರಲ್ಲ. ಕೆಲವು ಹೆಂಗಸರ ಮೈಯಲ್ಲಿ ಟೆಸ್ಟೋಸ್ಟೆರಾನ್ ಗಂಡಸರಷ್ಟೇ ತಯಾರಾಗುತ್ತದೆ, ಆದರೆ ಜೀವಕೋಶಗಳು ಅದಕ್ಕೆ ಸ್ಪಂದಿಸುವುದೇ ಇಲ್ಲ. ರಿಪೋರ್ಟಿನಲ್ಲಿ ಅಂಕಿ ದೊಡ್ಡದು, ಮೈಗೆ ಲಾಭ ಸೊನ್ನೆ. ಇನ್ನು ಕೆಲವರಲ್ಲಿ ವಾಲ್ವ್ ಅರ್ಧ ತೆರೆದಿರುತ್ತದೆ. ಮತ್ತೆ ಕೆಲವರಲ್ಲಿ ಪೂರ್ತಿ ತೆರೆದಿದ್ದು, ಒಂದು ಕಿಣ್ವದ ಕೊರತೆಯಿಂದ ಹೊರ ಅಂಗ ಮಾತ್ರ ಹೆಣ್ಣಿನ ಹಾಗೆ ಇರುತ್ತದೆ. ಅವರ ಮಾಂಸಖಂಡಕ್ಕೆ ಟೆಸ್ಟೋಸ್ಟೆರಾನ್ ಚೆನ್ನಾಗಿಯೇ ಸಿಗುತ್ತದೆ. ಬರೀ ರಕ್ತದ ಅಂಕಿ ನೋಡಿದರೆ ಈ ಮೂವರೂ ಒಂದೇ ಥರ ಕಾಣಬಹುದು.

ಹಳೆಯ ಪರೀಕ್ಷೆಗಳು ಎಡವಿದ್ದು ಇಲ್ಲೇ. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಕೂಟದಲ್ಲಿ ಹೆಂಗಸರನ್ನು ಡಾಕ್ಟರುಗಳ ಮುಂದೆ ಬಟ್ಟೆ ಬಿಚ್ಚಿ ನಿಲ್ಲಿಸಿದರು. ಅದು ನಾಚಿಕೆಗೇಡು ಅನ್ನಿಸಿ 1968ರ ಮೆಕ್ಸಿಕೋ ಒಲಿಂಪಿಕ್ಸ್‌ಗೆ ಕ್ರೋಮೋಸೋಮ್ ಪರೀಕ್ಷೆ ತಂದರು. 1985ರಲ್ಲಿ ಸ್ಪೇನ್‌ನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪತಿನ್ಯೋ ಅದರಲ್ಲಿ ಸಿಕ್ಕಿಬಿದ್ದರು. ಅವರದ್ದು ವಾಲ್ವ್ ಮುಚ್ಚಿದ ಕೇಸು, ಹಾರ್ಮೋನಿನಿಂದ ಒಂದು ಚೂರೂ ಲಾಭ ಇಲ್ಲ. ಆದರೂ ಸ್ಕಾಲರ್‌ಶಿಪ್ ಹೋಯಿತು, ಮದುವೆ ಆಗಬೇಕಿದ್ದವನು ಬಿಟ್ಟುಹೋದ. ಅವರು ಹಟ ಬಿಡದೆ ಹೋರಾಡಿ ಮತ್ತೆ ಓಡುವ ಹಕ್ಕು ಪಡೆದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3,387 ಹೆಂಗಸರನ್ನು ಪರೀಕ್ಷಿಸಿದಾಗ ಎಂಟು ಜನರಲ್ಲಿ ಎಸ್‌ಆರ್‌ವೈ ಸಿಕ್ಕಿತು. ವಿಚಾರಿಸಿ ಎಂಟೂ ಜನರನ್ನು ಆಡಲು ಬಿಟ್ಟರು. ಈ ಪರೀಕ್ಷೆಯಿಂದ ಪ್ರಯೋಜನ ಇಲ್ಲ ಅಂತ ಒಲಿಂಪಿಕ್ ಸಮಿತಿ 1999ರಲ್ಲಿ ಕೈಬಿಟ್ಟಿತು. ಈ ಎಂಟು ಜನರ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮಗೆ ಹತ್ತಿರದ ಕಥೆ ಶಾಂತಿ ಸೌಂದರಾಜನ್ ಅವರದು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಕತ್ತಕುರಿಚಿ ಊರು. ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ದಲಿತ ಕುಟುಂಬ. 2006ರ ಡಿಸೆಂಬರಿನಲ್ಲಿ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದರು. ಕೆಲವೇ ದಿನಗಳಲ್ಲಿ ಲಿಂಗ ಪರೀಕ್ಷೆಯಲ್ಲಿ ಫೇಲ್ ಅಂತ ಪದಕ ವಾಪಸ್ ತೆಗೆದುಕೊಂಡರು. ಸುದ್ದಿ ಟಿ.ವಿ.ಯಲ್ಲಿ ಬಂತು. ಊರಿಗೆ ಊರೇ ನೋಡಿತು. ನಾನೂ ಆಗ 800 ಮೀಟರ್ ಓಡುತ್ತಿದ್ದೆ. ನಮ್ಮ ಹಾಸ್ಟೆಲ್ ಹುಡುಗಿಯರು ಆ ಸುದ್ದಿ ಓದಿ ಪಿಸುಗುಟ್ಟಿದ್ದು ಇನ್ನೂ ಕಿವಿಯಲ್ಲಿದೆ. ಶಾಂತಿ ಜೀವ ಕಳೆದುಕೊಳ್ಳುವ ಹಂತಕ್ಕೆ ಹೋಗಿ ಬದುಕಿ ಬಂದರು. ಕೆಲ ಕಾಲ ಮತ್ತೆ ಇಟ್ಟಿಗೆ ಗೂಡಿನಲ್ಲೇ ಕೂಲಿ ಮಾಡಿದರು. ಆಮೇಲೆ ಕೋಚ್ ಆದರು. ಅವರು ಮದ್ದು ತಗೊಂಡಿರಲಿಲ್ಲ, ಯಾರಿಗೂ ಮೋಸ ಮಾಡಿರಲಿಲ್ಲ. ತನ್ನ ಮೈಯೊಳಗೆ ಏನಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ದೇಶಕ್ಕೆಲ್ಲ ಗೊತ್ತಾಗಿತ್ತು.

ಎಂಟು ವರ್ಷದ ನಂತರ ಒಡಿಶಾದ ನೇಕಾರರ ಮನೆಯ ಹುಡುಗಿ ದ್ಯುತಿ ಚಂದ್ ಅವರಿಗೂ ಅದೇ ಆಯಿತು. 18 ವರ್ಷ. ಆಗಷ್ಟೇ ಏಷ್ಯನ್ ಜೂನಿಯರ್ ಕೂಟದಲ್ಲಿ ಎರಡು ಚಿನ್ನ ಗೆದ್ದಿದ್ದರು. 2014ರ ಜುಲೈನಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ತಂಡದಿಂದ ಹೊರಗಿಟ್ಟರು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2011ರಲ್ಲಿ ತಂದ ನಿಯಮದ ಪ್ರಕಾರ ಟೆಸ್ಟೋಸ್ಟೆರಾನ್ 10 ನ್ಯಾನೋಮೋಲ್ ದಾಟಬಾರದಿತ್ತು. ದಾಟಿದವರು ಮಾತ್ರೆಯನ್ನೋ ಆಪರೇಷನ್ನನ್ನೋ ಆರಿಸಿಕೊಳ್ಳಬೇಕು. ದ್ಯುತಿ ಎರಡಕ್ಕೂ ಒಪ್ಪಲಿಲ್ಲ. ನನಗೇನೂ ಕಾಯಿಲೆ ಇಲ್ಲ, ನಾನ್ಯಾಕೆ ಮೈ ಬದಲಾಯಿಸಿಕೊಳ್ಳಬೇಕು ಅಂತ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋದರು.

2015ರ ಜುಲೈನಲ್ಲಿ ಬಂದ ತೀರ್ಪು ಓದುವಂಥದ್ದು. ಗಂಡಸರಿಗೂ ಹೆಂಗಸರಿಗೂ ಇರುವ ಅಂತರ ಶೇ 10ರಿಂದ 12. ಟೆಸ್ಟೋಸ್ಟೆರಾನ್ ಜಾಸ್ತಿ ಇರುವ ಹೆಣ್ಣಿಗೂ ಅಷ್ಟೇ ಲಾಭ ಸಿಗುತ್ತದೆ ಅಂತ ತೋರಿಸಿ, ಆಗ ನಿಯಮ ಉಳಿಯುತ್ತದೆ ಅಂದಿತು ಮಂಡಳಿ. ಲಾಭ ಶೇ 1ರ ಸುಮಾರಿಗೆ ಇದ್ದರೆ ಅದು ಒಳ್ಳೆ ಊಟ, ಒಳ್ಳೆ ಕೋಚಿಂಗ್ ಕೊಡುವ ಲಾಭಕ್ಕಿಂತ ದೊಡ್ಡದೇನಲ್ಲ ಅನ್ನುವುದು ಅವರ ವಾದ. ಎರಡು ವರ್ಷ ನಿಯಮಕ್ಕೆ ತಡೆ ಕೊಟ್ಟು, ಸಾಕ್ಷಿ ತನ್ನಿ ಅಂತ ಸಂಸ್ಥೆಗೇ ಹೊರೆ ಹಾಕಿದರು. ಸೀರೆ ನೇಯುವವರ ಮಗಳು ಇಡೀ ಜಗತ್ತಿನ ನಿಯಮವನ್ನು ನಿಲ್ಲಿಸಿದ್ದಳು. ಬೆಳಗ್ಗೆ ರಾಗಿ ಅಂಬಲಿ ಕುಡಿದು, ಕಿತ್ತುಹೋದ ಶೂನಲ್ಲಿ ಓಡುವ ಹುಡುಗಿಯರನ್ನು ನೋಡುವ ನನಗೆ ಆ ಊಟದ ಮಾತು ತುಂಬಾ ಹತ್ತಿರದ್ದು ಅನ್ನಿಸಿತು.

ಸಂಸ್ಥೆ ಸಾಕ್ಷಿ ತಂದಿತು. ಅದೂ ಸ್ವಲ್ಪ ಅರೆಬೆಂದಿತ್ತು. 2017ರಲ್ಲಿ ಸಂಸ್ಥೆಯದೇ ಕಡೆಯ ಇಬ್ಬರು ಸಂಶೋಧಕರು, ಎರಡು ವಿಶ್ವ ಚಾಂಪಿಯನ್‌ಶಿಪ್‌ಗಳ ಓಟಗಾರ್ತಿಯರ ರಕ್ತದ ಅಂಕಿ ಇಟ್ಟುಕೊಂಡು ಲೇಖನ ಬರೆದರು. 400 ಮೀಟರ್, 400 ಮೀಟರ್ ಹರ್ಡಲ್ಸ್, 800 ಮೀಟರ್, ಹ್ಯಾಮರ್ ಎಸೆತ, ಪೋಲ್ ವಾಲ್ಟ್‌ನಲ್ಲಿ ಟೆಸ್ಟೋಸ್ಟೆರಾನ್ ಜಾಸ್ತಿ ಇದ್ದವರದು ಮೇಲುಗೈ ಅಂತ ಕಂಡಿತು. 2018ರ ಹೊಸ ನಿಯಮ 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಅನ್ವಯ ಆಯಿತು. ಮಿತಿ 5 ನ್ಯಾನೋಮೋಲ್. ಎಲ್ಲಕ್ಕಿಂತ ಜಾಸ್ತಿ ಮೇಲುಗೈ ಕಂಡ ಹ್ಯಾಮರ್ ಎಸೆತ ಪಟ್ಟಿಯಲ್ಲಿ ಇಲ್ಲ. ಮೇಲುಗೈಯೇ ಕಾಣದ 1500 ಮೀಟರ್ ಪಟ್ಟಿಯಲ್ಲಿದೆ! 2021ರಲ್ಲಿ ಅದೇ ಸಂಶೋಧಕರು ತಿದ್ದುಪಡಿ ಹಾಕಿ, ಇದರಿಂದ ಕಾರಣ ಪರಿಣಾಮ ಸಾಬೀತಾಗುವುದಿಲ್ಲ ಅಂತ ಒಪ್ಪಿಕೊಂಡರು. ಅಷ್ಟರಲ್ಲಿ ಎಷ್ಟೋ ಹುಡುಗಿಯರು ಟ್ರ್ಯಾಕ್ ಬಿಟ್ಟಾಗಿತ್ತು.

ದಕ್ಷಿಣ ಆಫ್ರಿಕಾದ ಕಾಸ್ಟರ್ ಸೆಮೆನ್ಯಾ ಹೆಸರು ಎಲ್ಲರೂ ಕೇಳಿದ್ದೀರಿ. 2009ರಲ್ಲಿ ಬರ್ಲಿನ್‌ನಲ್ಲಿ 18ನೇ ವಯಸ್ಸಿಗೆ 1 ನಿಮಿಷ 55.45 ಸೆಕೆಂಡಿನಲ್ಲಿ 800 ಮೀಟರ್ ಗೆದ್ದರು. ಲಿಂಗ ಪರೀಕ್ಷೆ ಕೇಳಿದ್ದೇವೆ ಅಂತ ಸಂಸ್ಥೆ ಫೈನಲ್ ದಿನವೇ ಬಾಯಿಬಿಟ್ಟಿತು. ಕೆಲವು ವರ್ಷ ಹಾರ್ಮೋನು ಇಳಿಸುವ ಮಾತ್ರೆ ನುಂಗಿ, ಅದರಿಂದ ಮೈ ಹಾಳಾಯಿತು ಅಂತ ಆಮೇಲೆ ಹೇಳಿಕೊಂಡರು. 2019ರ ಮೇ 1ರಂದು ಕ್ರೀಡಾ ನ್ಯಾಯಮಂಡಳಿ ಅವರ ವಿರುದ್ಧ ತೀರ್ಪು ಕೊಟ್ಟಿತು. ನಿಯಮ ತಾರತಮ್ಯದ್ದೇ, ಆದರೆ ಹೆಂಗಸರ ಸ್ಪರ್ಧೆ ಉಳಿಯಲು ಅಗತ್ಯ ಅನ್ನುವುದು ಬಹುಮತದ ಮಾತು. ಸೆಮೆನ್ಯಾ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋದರು. ಸ್ವಿಸ್ ಕೋರ್ಟಿನಲ್ಲಿ ಅವರ ಅಹವಾಲನ್ನು ಸರಿಯಾಗಿ ವಿಚಾರಿಸಲಿಲ್ಲ ಅಂತ 2025ರ ಜುಲೈನಲ್ಲಿ ಅಲ್ಲಿನ ದೊಡ್ಡ ಪೀಠ ಹೇಳಿತು. ನಿಯಮವನ್ನು ಮಾತ್ರ ಅದು ರದ್ದು ಮಾಡಲಿಲ್ಲ.

ಇನ್ನೊಂದು ಕಡೆಯನ್ನೂ ನೋಡಬೇಕು. 2016ರ ರಿಯೋ ಒಲಿಂಪಿಕ್ಸ್ 800 ಮೀಟರ್‌ನಲ್ಲಿ ಚಿನ್ನ ಸೆಮೆನ್ಯಾಗೆ. ಬೆಳ್ಳಿ, ಕಂಚು ಗೆದ್ದ ಬುರುಂಡಿಯ ಫ್ರಾನ್ಸೀನ್ ನಿಯೋನ್‌ಸಾಬಾ ಮತ್ತು ಕೀನ್ಯಾದ ಮಾರ್ಗರೆಟ್ ವಂಬುಯಿ ಕೂಡ ಆಮೇಲೆ ಇದೇ ನಿಯಮದ ಕೆಳಗೆ ಬಂದರು. ನಾಲ್ಕನೆಯವರಾಗಿ ಬಂದ ಕೆನಡಾದ ಮೆಲಿಸ್ಸಾ ಬಿಷಪ್ 1 ನಿಮಿಷ 57.02 ಸೆಕೆಂಡ್ ಓಡಿ ತಮ್ಮ ದೇಶದ ದಾಖಲೆ ಮುರಿದಿದ್ದರು. ಬರಿಗೈಯಲ್ಲಿ ವಾಪಸಾದರು. ಜೀವಮಾನದ ಓಟ ಓಡಿಯೂ ಪದಕ ಸಿಗದ ಆ ಸಂಕಟ ಸುಳ್ಳಲ್ಲ. ನಾನೂ ನಾಲ್ಕನೆಯವಳಾಗಿ ಬಂದಿದ್ದೇನೆ, ಅದು ಹೇಗಿರುತ್ತೆ ಅಂತ ಗೊತ್ತು. ಅದಕ್ಕೇ ಟೆಸ್ಟೋಸ್ಟೆರಾನ್ ಪೂರ್ತಿ ಕೆಲಸ ಮಾಡುವ ಮೈಗೂ ಉಳಿದ ಹೆಂಗಸರ ಮೈಗೂ ಉನ್ನತ ಮಟ್ಟದಲ್ಲಿ ಒಂದು ಗೆರೆ ಬೇಕಾಗಬಹುದು ಅಂತ ನಾನು ಒಪ್ಪುತ್ತೇನೆ. ಒಪ್ಪುವಾಗ ಮನಸ್ಸಿಗೆ ಹಿಂಸೆ ಆಗುತ್ತದೆ. ಆದರೂ ಒಪ್ಪುತ್ತೇನೆ.

2023ರ ಮಾರ್ಚಿನಲ್ಲಿ ಮಿತಿಯನ್ನು 2.5ಕ್ಕೆ ಇಳಿಸಿ ಎಲ್ಲ ಓಟ, ಎಸೆತ, ಜಿಗಿತಗಳಿಗೂ ಹಾಕಿದರು. ಎರಡು ವರ್ಷ ಅದಕ್ಕಿಂತ ಕೆಳಗೇ ಇರಬೇಕಿತ್ತು. ಗಂಡಾಗಿ ಪ್ರಾಯಕ್ಕೆ ಬಂದ ಟ್ರಾನ್ಸ್ ಮಹಿಳೆಯರಿಗೆ ಹೆಂಗಸರ ವಿಭಾಗವನ್ನೇ ಮುಚ್ಚಿದರು. 2025ರ ಸೆಪ್ಟೆಂಬರ್ 1ರಿಂದ ಇನ್ನೂ ಒಂದು ಹೆಜ್ಜೆ. ವಿಶ್ವ ರ‍್ಯಾಂಕಿಂಗ್‌ಗೆ ಲೆಕ್ಕ ಬರುವ ಕೂಟಗಳಲ್ಲಿ ಹೆಂಗಸರ ವಿಭಾಗದಲ್ಲಿ ಇಳಿಯುವವರು ಜೀವನದಲ್ಲಿ ಒಂದು ಸಲ ಎಸ್‌ಆರ್‌ವೈ ಪರೀಕ್ಷೆ ಮಾಡಿಸಬೇಕು. ಕೆನ್ನೆಯ ಒಳಗಿನ ಸ್ವಾಬ್ ಅಥವಾ ಸ್ವಲ್ಪ ರಕ್ತ, ಅಷ್ಟೇ. ವಾಲ್ವ್ ಪೂರ್ತಿ ಮುಚ್ಚಿದವರಿಗೆ ವಿನಾಯಿತಿ ಇದೆ.

ಮೇಲುನೋಟಕ್ಕೆ ಇದು ಸರಳ. ಎಲ್ಲರಿಗೂ ಒಂದೇ ಪರೀಕ್ಷೆ ಅಂದ ಮೇಲೆ ಮೀಸೆ ನೋಡಿ, ಎದೆ ನೋಡಿ, ಒಬ್ಬಳನ್ನೇ ಆರಿಸಿ ಕರೆಯುವ ಅವಮಾನ ತಪ್ಪುತ್ತದೆ ಅಲ್ವಾ? ಆ ಒಂದು ವಿಷಯದಲ್ಲಿ ಹಳೆಯದಕ್ಕಿಂತ ಇದು ವಾಸಿ. ಆದರೆ 1990ರಲ್ಲಿ ಆ ಜೀನನ್ನು ಪತ್ತೆ ಮಾಡಿದ ತಂಡದ ವಿಜ್ಞಾನಿ ಆಂಡ್ರ್ಯೂ ಸಿಂಕ್ಲೇರ್ ಅವರೇ ಇದನ್ನು ಒಪ್ಪಿಲ್ಲ. ಜೀನ್ ಇದೆಯೋ ಇಲ್ಲವೋ ಅಂತಷ್ಟೇ ಈ ಪರೀಕ್ಷೆ ಹೇಳುತ್ತದೆ. ಅದು ಕೆಲಸ ಮಾಡುತ್ತಿದೆಯಾ, ವೃಷಣ ಬೆಳೆದಿದೆಯಾ, ಹಾರ್ಮೋನು ಬರುತ್ತಿದೆಯಾ, ಮೈ ಅದನ್ನು ಬಳಸುತ್ತಿದೆಯಾ, ಯಾವುದೂ ಗೊತ್ತಾಗಲ್ಲ. ಲ್ಯಾಬಿನ ಗಂಡಸಿನ ಒಂದು ಜೀವಕೋಶ ಸ್ಯಾಂಪಲ್ಲಿಗೆ ಸೇರಿದರೂ ಉತ್ತರ ತಪ್ಪಬಹುದು ಅಂತ ಅವರು ಎಚ್ಚರಿಸಿದ್ದಾರೆ. ಅಟ್ಲಾಂಟಾದ ಎಂಟು ಜನರನ್ನು ನೆನಪಿಡಿ ಅಂದಿದ್ದು ಇದಕ್ಕೇ. ಅಂದು ಬೇಡ ಅಂತ ಬಿಟ್ಟಿದ್ದ ಪರೀಕ್ಷೆಯೇ ತಿರುಗಿ ಬಂದಿದೆ.

ನನ್ನ ಭಯ ಬೇರೆ ಇದೆ. ಪರೀಕ್ಷೆ ಮಾಡಿಸುವ ಹೊಣೆ ಆಯಾ ದೇಶದ ಫೆಡರೇಷನ್ನುಗಳ ಮೇಲಿದೆ. “ಪಾಸಿಟಿವ್” ಅಂತ ಬಂದರೆ ಮುಂದೇನು? ದೊಡ್ಡ ಊರಿನ ಹುಡುಗಿಗೆ ವಕೀಲರು, ಹಾರ್ಮೋನ್ ಡಾಕ್ಟರು, ಸಮಾಧಾನ ಹೇಳುವ ಕೌನ್ಸೆಲರು ಸಿಗಬಹುದು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಪಾವಗಡದ ಹುಡುಗಿಗೆ ಯಾರು ಹೇಳುತ್ತಾರೆ? ಎಲ್ಲಿ ಕೂರಿಸಿಕೊಂಡು ಹೇಳುತ್ತಾರೆ? 2013ರಲ್ಲಿ ಬಂದ ಒಂದು ವೈದ್ಯಕೀಯ ಲೇಖನ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಹಿಂದುಳಿದ ದೇಶಗಳ ಹಳ್ಳಿಗಾಡಿನ ನಾಲ್ವರು ಓಟಗಾರ್ತಿಯರು, 18ರಿಂದ 21 ವರ್ಷದವರು. ಅವರನ್ನು ಫ್ರಾನ್ಸ್‌ಗೆ ಕರೆಸಿ, ಮತ್ತೆ ಓಡಬೇಕೆಂದರೆ ಇದು ಆಗಬೇಕು ಅಂತ ಹೇಳಿ ಆಪರೇಷನ್ ಮಾಡಿದ್ದರು. ಆರೋಗ್ಯಕ್ಕೆ ಬೇಕಿಲ್ಲದ ಭಾಗಗಳನ್ನೂ ಕತ್ತರಿಸಿದ್ದರು. ಆ ಹುಡುಗಿಯರ ಅಪ್ಪ ಅಮ್ಮನ ಜೊತೆ ಯಾರಾದರೂ ಅವರ ಭಾಷೆಯಲ್ಲಿ ಮಾತಾಡಿದ್ದರಾ?

ಈಗ ಮಧುಗಿರಿಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಅಮ್ಮ, ನಾನು, ಅವಳು, ಮೂವರೂ ಬಸ್ ಹತ್ತಿ ತುಮಕೂರಿಗೆ ಹೋದೆವು. ಸ್ಕ್ಯಾನಿಂಗ್ ಆಯಿತು, ರಕ್ತ ಕೊಟ್ಟಳು. ಹೆಣ್ಣುಮಕ್ಕಳ ಡಾಕ್ಟರು ರಿಪೋರ್ಟ್ ನೋಡಿ “ಪಿಸಿಓಡಿ ಅಷ್ಟೇ ಕಣಮ್ಮ, ನನ್ನ ಹತ್ರ ದಿನಾ ಹತ್ತು ಹುಡುಗೀರು ಬರ್ತಾರೆ” ಅಂದರು. ಹುಡುಗಿ ಅವತ್ತು ಮೊದಲ ಸಲ ಟವೆಲ್ ಕೆಳಗೆ ಇಟ್ಟಳು.

ನಮ್ಮ ಜನ ಬೆರೆಸಿಬಿಡುವುದು ಇದನ್ನೇ. ಪಿಸಿಓಡಿ ಅಂದರೆ ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ. ಅದು ಇದ್ದವರಲ್ಲಿ ಟೆಸ್ಟೋಸ್ಟೆರಾನ್ ಸ್ವಲ್ಪ ಏರಿರುತ್ತದೆ. ಮುಖದಲ್ಲಿ ಕೂದಲು, ಮೊಡವೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 6ರಿಂದ 13 ಜನರಿಗೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅವರಿಗೆ ವೃಷಣ ಇಲ್ಲ, ಎಸ್‌ಆರ್‌ವೈ ಇಲ್ಲ, ಯಾವ ನಿಯಮವೂ ಅವರನ್ನು ತಡೆಯುವುದಿಲ್ಲ. 2018ರಿಂದ ಬಂದ ಹಾರ್ಮೋನು ಮಿತಿಯ ನಿಯಮಗಳೂ ಅವರನ್ನು ಬೇಕಂತಲೇ ತಮ್ಮ ವ್ಯಾಪ್ತಿಯಿಂದ ಬಿಟ್ಟಿದ್ದವು. ಮೇಲ್ದುಟಿಯ ಕೂದಲು ನೋಡಿ ಯಾವ ಮನುಷ್ಯನಿಗೂ ಏನೂ ಗೊತ್ತಾಗುವುದಿಲ್ಲ. ಮತ್ತೊಂದು ಮಾತು. ತಾಲ್ಲೂಕು, ಜಿಲ್ಲೆ, ಶಾಲಾ ಕೂಟಗಳಿಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಈ ಪರೀಕ್ಷೆ ಅನ್ವಯವೇ ಆಗುವುದಿಲ್ಲ. “ಟೆಸ್ಟ್ ಮಾಡಿಸ್ಕೊಂಡು ಬಾ” ಅಂತ ಯಾರಾದರೂ ನಿಮ್ಮ ಮಗಳಿಗೆ ಅಂದರೆ, ಯಾವ ನಿಯಮ, ಬರೆದು ಕೊಡಿ ಅಂತ ಕೇಳಿ.

ಒಳಗೇ ಹುಟ್ಟುವ ಹಾರ್ಮೋನಿನ ಗಲಾಟೆಯಲ್ಲಿ ಹೊರಗಿನಿಂದ ಹೋಗುವ ಹಾರ್ಮೋನು ಮರೆತುಹೋಗುತ್ತದೆ. ನನ್ನ ಪ್ರಕಾರ ನಮ್ಮ ಕಡೆ ಹುಡುಗಿಯರಿಗೆ ಅದೇ ದೊಡ್ಡ ಅಪಾಯ. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಾಗ ರಾಜ್ಯವೇ ಕುಣಿಯಿತು. ಮರುವರ್ಷ ಅವರೂ ಜೊತೆಯ ಓಟಗಾರ್ತಿಯರೂ ಟೆಸ್ಟೋಸ್ಟೆರಾನ್ ಜಾತಿಯ ಅನಬಾಲಿಕ್ ಸ್ಟೆರಾಯ್ಡ್ ಮದ್ದಿನ ಕೇಸಿನಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಪೂರಕದಿಂದ ಬಂತು ಅಂತ ವಾದಿಸಿದರು. ನಿಷೇಧ ಕೊನೆಗೆ ಎರಡು ವರ್ಷಕ್ಕೆ ನಿಂತಿತು. ತನ್ನ ಮೈಯ ಹಾರ್ಮೋನಿಗಾಗಿ ಜಗತ್ತಿನ ಜೊತೆ ಹೋರಾಡಿ ಗೆದ್ದ ದ್ಯುತಿ ಚಂದ್ ಕೂಡ ಟೆಸ್ಟೋಸ್ಟೆರಾನ್ ಥರ ಕೆಲಸ ಮಾಡುವ ಮದ್ದಿನ ಕಾರಣಕ್ಕೆ 2023ರಿಂದ ನಾಲ್ಕು ವರ್ಷ ನಿಷೇಧಕ್ಕೆ ಒಳಗಾದರು. ಅದು ನನಗೆ ತುಂಬಾ ನೋವು ಕೊಟ್ಟ ಸುದ್ದಿ. ಜಿಮ್ಮಿನವರು ಕೊಡುವ ಹೆಸರಿಲ್ಲದ ಪೌಡರ್ ಡಬ್ಬ ಯಾವ ಹುಡುಗಿಯ ಬ್ಯಾಗಿನಲ್ಲಿ ಕಂಡರೂ ನಾನು ಕಿತ್ತುಕೊಳ್ಳುತ್ತೇನೆ.

ಇನ್ನು ನಮ್ಮ ಮೈದಾನದ ದಿನನಿತ್ಯದ ಸಮಸ್ಯೆ ಹಾರ್ಮೋನು ಜಾಸ್ತಿ ಆಗಿದ್ದಲ್ಲ, ಕಮ್ಮಿ ಆಗಿದ್ದು. ಊಟ ಸಾಲದೆ ಹತ್ತು ಕಿಲೋಮೀಟರ್ ಓಡುವ ಹುಡುಗಿಯ ಮೈ ಮೊದಲು ನಿಲ್ಲಿಸುವುದು ಮುಟ್ಟನ್ನು. “ಒಳ್ಳೇದೇ ಆಯ್ತು ಅಕ್ಕಾ, ತಲೆನೋವು ತಪ್ತು” ಅಂತಾರೆ. ಈಸ್ಟ್ರೋಜೆನ್ ಇಳಿದಿದೆ, ಮೂಳೆ ಸವೆಯುತ್ತಿದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಆರು ತಿಂಗಳ ಮೇಲೆ ಮೊಣಕಾಲ ಕೆಳಗೆ ನೋವು, ಎಕ್ಸ್‌ರೇಯಲ್ಲಿ ಸಣ್ಣ ಬಿರುಕು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಜನರಿಗೆ ರಕ್ತಹೀನತೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಿಮೋಗ್ಲೋಬಿನ್ ಒಂಬತ್ತು ಇಟ್ಟುಕೊಂಡು 800 ಮೀಟರ್ ಓಡುವ ಹುಡುಗಿಗೆ ಪಕ್ಕದವಳ ಟೆಸ್ಟೋಸ್ಟೆರಾನ್‌ಗಿಂತ ದಿನಾ ಒಂದು ಮೊಟ್ಟೆ, ಒಂದು ಹಿಡಿ ಕಡ್ಲೆಕಾಯಿ, ಕಬ್ಬಿಣದ ಮಾತ್ರೆ ದೊಡ್ಡ ವಿಷಯ.

ನಮ್ಮ ಹುಡುಗಿ ಎರಡು ತಿಂಗಳ ನಂತರ ಮೈದಾನಕ್ಕೆ ವಾಪಸ್ ಬಂದಳು. ಈ ವರ್ಷ ಪಿಯುಸಿ. ರಾಜ್ಯ ಮಟ್ಟಕ್ಕೆ ಆಯ್ಕೆ ಆಗಿದ್ದಾಳೆ. ಹೊರಡುವ ಮೂರು ವಾರ ಮುಂಚೆ ಅವಳಮ್ಮ ಒಂದು ಮಾತ್ರೆ ಸ್ಟ್ರಿಪ್ ಹಿಡಿದುಕೊಂಡು ಬಂದರು. ಮುಖದ ಕೂದಲಿಗೆ ಅಂತ ಚರ್ಮದ ಡಾಕ್ಟರೊಬ್ಬರು ಹೊಸದಾಗಿ ಬರೆದಿದ್ದರಂತೆ. “ಇದು ನುಂಗಿ ಓಡಬಹುದೇನಕ್ಕಾ?” ಅಂದರು. ಇನ್ನೂ ಬೆಳಕು ಹರಿದಿರಲಿಲ್ಲ. ಮೊಬೈಲ್ ಟಾರ್ಚ್ ಹಾಕಿ, ಫಾಯಿಲ್ ಮೇಲಿನ ಸಣ್ಣ ಅಕ್ಷರ ಓದಿದೆ. ಸ್ಪೈರೋನೋಲ್ಯಾಕ್ಟೋನ್. ಪಿಸಿಓಡಿಯ ಕೂದಲಿಗೆ ಡಾಕ್ಟರುಗಳು ಬರೆಯುವ ಮಾಮೂಲಿ ಮಾತ್ರೆ ಇದು. ಆದರೆ ಮೂತ್ರ ಜಾಸ್ತಿ ಮಾಡಿ ಬೇರೆ ಮದ್ದುಗಳ ಗುರುತು ಅಳಿಸಬಲ್ಲ ಜಾತಿಗೆ ಸೇರಿದ್ದು ಅಂತ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧ ಪಟ್ಟಿಯಲ್ಲಿದೆ. ಸ್ಪರ್ಧೆ ಇರಲಿ ಇಲ್ಲದಿರಲಿ, ವರ್ಷಪೂರ್ತಿ ನಿಷೇಧ. ಬೇಕೇ ಬೇಕು ಅಂದರೆ ವೈದ್ಯಕೀಯ ವಿನಾಯಿತಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಮಾತ್ರೆ ಬರೆದ ಡಾಕ್ಟರಿಗೆ ಇವಳು ಓಡುತ್ತಾಳೆ ಅಂತ ಗೊತ್ತಿರಲಿಲ್ಲ. ಇವರೂ ಹೇಳಿರಲಿಲ್ಲ.

“ನುಂಗಿದ್ದೀಯಾ?” ಅಂತ ಕೇಳಿದೆ.

“ಇಲ್ಲಕ್ಕಾ, ನಿಮ್ಮನ್ನ ಕೇಳ್ಕೊಂಡು ತಗೋಳೋಣ ಅಂತ ಇಟ್ಕೊಂಡಿದ್ದೆ.”

ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ‘ನೋ ಯುವರ್ ಮೆಡಿಸಿನ್’ ಆಪ್ ಅವಳ ಫೋನಿಗೇ ಹಾಕಿಕೊಟ್ಟೆ. ಅದರಲ್ಲಿ ಮಾತ್ರೆಯ ಹೆಸರು ಹಾಕಿ ಹುಡುಕುವುದು ಹೇಗೆ ಅಂತ ತೋರಿಸಿದೆ. ಅಮ್ಮನ ಮೆಟ್‌ಫಾರ್ಮಿನ್ ಹೆಸರೂ ಹಾಕಿ ನೋಡಿದಳು. ಅದಕ್ಕೇನೂ ಅಡ್ಡಿ ಇಲ್ಲ ಅಂತ ಬಂತು. ಸ್ಟ್ರಿಪ್ಪನ್ನು ಅಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು, ಡಾಕ್ಟರಿಗೆ ವಾಪಸ್ ತೋರಿಸಬೇಕಲ್ಲ. ಅಷ್ಟರಲ್ಲಿ ಬೆಟ್ಟದ ನೆತ್ತಿಗೆ ಬಿಸಿಲು ಬಿದ್ದಿತ್ತು. ಅವಳು ಶೂ ಲೇಸ್ ಬಿಗಿದುಕೊಂಡು ಆರು ಸಲ 400 ಮೀಟರ್ ಓಡಲು ಗೆರೆಯ ಹತ್ತಿರ ಹೋದಳು. ನಾನು ಸ್ಟಾಪ್‌ವಾಚ್ ಒತ್ತಿದೆ.